ಆ ಮೂವತ್ತು ತಿಂಗಳು

(ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಸಣ್ಣ ಸಭಾಭವನದಲ್ಲಿ ಭಾನುವಾರ ಸಂಜೆ ಆಡಿದ ಮಾತು ಇದು. ನಡುವೆ ಒಂದು ಮಗು ಮೈಕಿನ ವೈರ್ ಎಳೆದು ಐದು ನಿಮಿಷ ಹೋಯಿತು. ಆಗ ಹೇಳದೆ ಬಿಟ್ಟದ್ದನ್ನೂ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಮಕ್ಕಳನ್ನು ಎತ್ತಿಕೊಂಡು ನಿಂತವರು ಮುಂದೆ ಬಂದು ಕೂತುಕೊಳ್ಳಿ. ಮಗು ಅತ್ತರೆ ಥಟ್ಟನೆ ಹೊರಗೆ ಹೋಗಬಹುದು ಅಂತ ಬಾಗಿಲ ಹತ್ತಿರ ನಿಂತಿದ್ದೀರಿ, ಗೊತ್ತು. ನಾನೂ ಮೂರು ವರ್ಷ ಮದುವೆ ಮನೆಗಳಲ್ಲಿ ಹಾಗೇ ನಿಂತಿದ್ದೇನೆ. ಅಳಲಿ ಬಿಡಿ. ಇವತ್ತು ಮಾತಾಡೋದೇ ಅದರ ಬಗ್ಗೆ.

ಕರಪತ್ರದಲ್ಲಿ 'ಉದ್ಯೋಗ ಮತ್ತು ಕುಟುಂಬ: ಸಮತೋಲನ ಹೇಗೆ?' ಅಂತ ಹಾಕಿದ್ದಾರೆ. ಹೇಗೆ ಅಂತ ನನಗೂ ಗೊತ್ತಿಲ್ಲ. ನಾನು ಬ್ಯಾಂಕಿನ ಕ್ಯಾಶ್ ಕೌಂಟರ್‌ನಲ್ಲಿ ಕೂರುವವಳು. ನಮ್ಮ ಕಡೆ ಸಮತೋಲನ ಅನ್ನೋ ಮಾತಿಲ್ಲ, ಟ್ಯಾಲಿ ಅಂತ ಇದೆ. ಬೆಳಗ್ಗೆ ಇದ್ದ ದುಡ್ಡು, ಬಂದದ್ದು, ಹೋದದ್ದು, ಸಂಜೆ ಉಳಿದದ್ದು. ಕೂಡಿಬಂದರೆ ಮನೆಗೆ ಹೋಗಬಹುದು. ಬರದಿದ್ದರೆ ಕೂತು ಮತ್ತೆ ಎಣಿಸಬೇಕು. ಮಗಳು ಹುಟ್ಟಿದ ಮೇಲೆ ನಾನು ಎಣಿಸಿದ್ದು ದುಡ್ಡಿಗಿಂತ ಗಂಟೆಗಳನ್ನೇ ಜಾಸ್ತಿ. ಅದರ ಲೆಕ್ಕ ಒಂದು ದಿನವೂ ಕೂಡಿಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹೇಳುತ್ತೇನೆ.

ಒಂದು ಸಂಜೆಯ ಕಥೆಯಿಂದ ಶುರು ಮಾಡುತ್ತೇನೆ. ಆಗ ನಾನು ಸಿರುಗುಪ್ಪ ರಸ್ತೆಯ ಒಂದು ಹಳ್ಳಿ ಬ್ರಾಂಚ್‌ನಲ್ಲಿದ್ದೆ. ಬಳ್ಳಾರಿಯಿಂದ ಬಸ್ಸಿನಲ್ಲಿ ಒಂದು ತಾಸು. ಮಗಳಿಗೆ ಹನ್ನೊಂದು ತಿಂಗಳು. ನಮ್ಮ ಕೆಳಗಿನ ಮನೆಯ ತೆಲುಗು ಅಜ್ಜಿಯೊಬ್ಬರು ನೋಡಿಕೊಳ್ಳುತ್ತಿದ್ದರು. ನಾವೆಲ್ಲ ಅವರನ್ನು ಅಮ್ಮಮ್ಮ ಅಂತಲೇ ಕರೆಯೋದು. ಅವತ್ತು ಕ್ಯಾಶ್ ಮುಚ್ಚುವಾಗ ಐನೂರು ರೂಪಾಯಿ ಕಡಿಮೆ ಬಂತು. ಮೂರು ಸಲ ಎಣಿಸಿದೆ. ಐನೂರು ಕಡಿಮೆಯೇ. ಐದು ಇಪ್ಪತ್ತಕ್ಕೆ ಫೋನ್ ಬಂತು. "ಅಮ್ಮಾ, ಪಾಪುಗೆ ಮೈ ಸುಡಾಕತ್ತೈತಿ. ಎಷ್ಟೊತ್ತಿಗೆ ಬರ್ತಿ?"

ನಮ್ಮಲ್ಲಿ ತಿಜೋರಿಗೆ ಎರಡು ಕೀಲಿ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಕ್ಯಾಶಿಯರ್ ಹತ್ತಿರ. ಇಬ್ಬರೂ ನಿಂತು ಹಾಕಿದರೇ ಬೀಗ. ಅಂದರೆ ನಾನು ಎದ್ದು ಹೋಗುವ ಹಾಗೇ ಇಲ್ಲ. ನನ್ನ ಕೈಯಿಂದ ಐನೂರು ಹಾಕಿ ಮುಗಿಸಿಬಿಡೋಣ ಅನ್ನಿಸಿತು. ಅದೂ ತಪ್ಪು ಲೆಕ್ಕವೇ. ಮತ್ತೆ ಕಟ್ಟು ಬಿಚ್ಚಿದೆವು. ಆರು ಹತ್ತಕ್ಕೆ ಸಿಕ್ಕಿತು. ಒಂದು ಕಟ್ಟಿನಲ್ಲಿ ಎರಡು ಹೊಸ ನೋಟು ಅಂಟಿಕೊಂಡಿದ್ದವು. ನೂರು ಅಂತ ಕಟ್ಟಿದ್ದರಲ್ಲಿ ನೂರಾ ಒಂದು ಇತ್ತು, ಅಷ್ಟೇ. ಆರು ಮುಕ್ಕಾಲರ ಬಸ್ಸು ಹತ್ತಿದಾಗ ನನ್ನ ಬೆರಳಿನಲ್ಲಿ ಇನ್ನೂ ನೋಟಿನ ವಾಸನೆ. ಮನೆಗೆ ಬಂದಾಗ ಅಮ್ಮಮ್ಮ ಒದ್ದೆ ಬಟ್ಟೆಯಲ್ಲಿ ಮಗುವಿನ ಮೈ ಒರೆಸುತ್ತಾ ಕೂತಿದ್ದರು. ಡಾಕ್ಟರ್ ಬರೆದಿದ್ದ ಸಿರಪ್ ಕಪಾಟಿನಲ್ಲೇ ಇತ್ತು. ಎಷ್ಟು ಹಾಕಬೇಕು ಅಂತ ನಾನು ಅವರಿಗೆ ಹೇಳಿರಲೇ ಇಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಮ್ಯಾನೇಜರ್ ಒಳ್ಳೆಯವರು, ಅಮ್ಮಮ್ಮನೂ ಒಳ್ಳೆಯವರು. ಆದರೂ ಆ ರಾತ್ರಿ ನಾನು ಕೆಟ್ಟ ತಾಯಿ ಅಂತಲೇ ಅಂದುಕೊಂಡು ಮಲಗಿದೆ. ಇಲ್ಲಿರುವ ಎಷ್ಟೋ ಜನ ಹಾಗೆ ಮಲಗಿದ್ದೀರಿ, ಅಲ್ವಾ?

ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ಹೆರಿಗೆ ರಜೆ 26 ವಾರ. 1961ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದ ಮೇಲೆ ಮೊದಲ ಎರಡು ಮಕ್ಕಳಿಗೆ ಅಷ್ಟು ಸಿಗುತ್ತದೆ. ಅದಕ್ಕೂ ಮೊದಲು 12 ವಾರ ಇತ್ತು. ಈ 26ರಲ್ಲಿ ಎಂಟು ವಾರ ಹೆರಿಗೆಗೆ ಮೊದಲೇ ತೆಗೆದುಕೊಂಡರೆ ಮಗುವಿನ ಜೊತೆ ಉಳಿಯೋದು 18 ವಾರ, ನಾಲ್ಕು ತಿಂಗಳು. ಡಾಕ್ಟರು ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಅನ್ನುತ್ತಾರೆ. ಹಾಗಾಗಿ ನಮ್ಮಲ್ಲಿ ಎಷ್ಟೋ ಹೆಂಗಸರು ಒಂಬತ್ತು ತಿಂಗಳು ತುಂಬುವವರೆಗೂ ಬಸ್ಸಿನಲ್ಲಿ ನಿಂತು ಓಡಾಡುತ್ತಾರೆ, ರಜೆ ಉಳಿಸೋಕೆ. ಸರಿ, ಹೇಗೋ ಆರು ತಿಂಗಳು ಆಯಿತು ಅಂತಿಟ್ಟುಕೊಳ್ಳಿ.

ಈಗ ಇನ್ನೊಂದು ತುದಿಗೆ ಬನ್ನಿ. ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ದೇಶದಲ್ಲಿ ಮೊದಲು 33 ಕಡೆ, ಅದರಲ್ಲಿ ನಮ್ಮ ರಾಜ್ಯದ ಟಿ. ನರಸೀಪುರವೂ ಒಂದು. ನಾನು ಅಂಗನವಾಡಿಯನ್ನು ಆಡಿಕೊಳ್ಳುವವಳಲ್ಲ. ಅಲ್ಲಿನ ಅಕ್ಕಂದಿರು ಸಣ್ಣ ಗೌರವಧನಕ್ಕೆ ಮೊಟ್ಟೆಯಿಂದ ಚುನಾವಣೆವರೆಗೆ ಎಲ್ಲ ಕೆಲಸ ಮಾಡುತ್ತಾರೆ. ಆದರೆ ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಳ್ಳೋದು ಮೂರು ವರ್ಷದಿಂದ. ಅದಕ್ಕಿಂತ ಸಣ್ಣವಕ್ಕೆ ಆಹಾರದ ಪೊಟ್ಟಣ ಮನೆಗೆ ಕೊಡುತ್ತಾರೆ, ತೂಕ ನೋಡುತ್ತಾರೆ, ಚುಚ್ಚುಮದ್ದು ನೆನಪಿಸುತ್ತಾರೆ. ಕೂರಿಸಿಕೊಳ್ಳುವುದಿಲ್ಲ.

ರಜೆ ಮುಗಿಯೋದು ಆರನೇ ತಿಂಗಳಿಗೆ. ಅಂಗನವಾಡಿ ಬಾಗಿಲು ತೆರೆಯೋದು ಮೂವತ್ತಾರನೇ ತಿಂಗಳಿಗೆ. ನಡುವೆ ಮೂವತ್ತು ತಿಂಗಳು. ಮಗು ಅಂಬೆಗಾಲಿಡೋದು, ನಡೆಯೋದು, ಮಾತಾಡೋದು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋದು, ಬಕೆಟ್ಟಿನ ನೀರಿಗೆ ಬಗ್ಗೋದು, ಎಲ್ಲ ಈ ಮೂವತ್ತರಲ್ಲೇ. ಒಬ್ಬರು ಕಣ್ಣಿಟ್ಟು ಕೂರಲೇಬೇಕಾದ ಕಾಲ ಇದು. ಇದೇ ಕಾಲಕ್ಕೆ ಯಾರು ಕೂರಬೇಕು ಅಂತ ಎಲ್ಲೂ ಬರೆದಿಲ್ಲ. 'ಮನೇಲಿ ಯಾರಾದ್ರೂ ಇರ್ತಾರಲ್ಲ' ಅನ್ನೋದರ ಮೇಲೆ ನಡೆದುಕೊಂಡು ಹೋಗುತ್ತಿದೆ. ನಮ್ಮ ಚಿಂತೆಗೆ ಕಾರಣ ಪ್ರೀತಿ ಕಡಿಮೆ ಇರೋದಲ್ಲ. ಅಲ್ಲಿ ಗಂಟೆಗಳೇ ಇಲ್ಲ.

ಕೂಸು ಹುಟ್ಟುವ ಮೊದಲೇ ಕುಲಾವಿ ಅಂತ ನಗುತ್ತೇವಲ್ಲ, ಕುಲಾವಿಯನ್ನೇನೋ ನಿಜಕ್ಕೂ ಮೊದಲೇ ಹೊಲೆದಿಡುತ್ತೇವೆ. ತೊಟ್ಟಿಲು ಯಾರ ಕಡೆಯಿಂದ, ಬಾಣಂತನ ತವರಲ್ಲಿ ಮೂರು ತಿಂಗಳಾ ಐದಾ, ಎಲ್ಲ ಮೊದಲೇ ಮಾತಾಗುತ್ತದೆ. ಏಳನೇ ತಿಂಗಳ ಮೊದಲ ಸೋಮವಾರ ಬೆಳಗ್ಗೆ ಎಂಟಕ್ಕೆ ಮಗು ಯಾರ ತೊಡೆ ಮೇಲೆ ಇರುತ್ತದೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಇಲ್ಲಿ ಜೀನ್ಸ್ ಹೊಲಿಯುವ ಅಕ್ಕಂದಿರು ತುಂಬಾ ಜನ ಬಂದಿದ್ದೀರಿ. ನಿಮಗೆ ಇನ್ನೊಂದು ಥರದ ಕಷ್ಟ. ಕೆಲಸ ಮನೆಯಲ್ಲೇ, ಮಗುವೂ ಮನೆಯಲ್ಲೇ. ಹೊರಗಿನವರು 'ನಿಂಗೇನವ್ವ, ಮನೇಲೇ ಇರ್ತಿ' ಅನ್ನುತ್ತಾರೆ. ಮೊನ್ನೆ ಇದೇ ಓಣಿಯ ಒಂದು ಮನೆಗೆ ಹೋಗಿದ್ದೆ. ಹತ್ತಡಿ ಕೋಣೆ. ಒಂದು ಕಡೆ ಮೆಷಿನ್ನು, ಇನ್ನೊಂದು ಕಡೆ ಮಂಡಿ ಎತ್ತರಕ್ಕೆ ನೀಲಿ ಪ್ಯಾಂಟಿನ ರಾಶಿ. ಆಕೆ ದಾರ ಕತ್ತರಿಸುತ್ತಿದ್ದರು. ಮಗುವಿನ ಸೊಂಟಕ್ಕೆ ಹಳೇ ದುಪ್ಪಟ್ಟಾ ಕಟ್ಟಿ ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿದಿದ್ದರು. ನಾನು ನೋಡಿದ್ದನ್ನು ನೋಡಿ ಅವರೇ ಹೇಳಿದರು. "ಕಟ್ಟಬಾರ್ದು ಅಂತ ಗೊತ್ತು ಅಕ್ಕ. ಹೋದ ವಾರ ರಿವೆಟ್ ಬಾಯಿಗೆ ಹಾಕ್ಕೊಂಡಿತ್ತು." ಮಗುವಿನ ಅಂಗಾಲು, ಕೆನ್ನೆ ಎಲ್ಲ ಬಟ್ಟೆಯ ಬಣ್ಣ ಹತ್ತಿ ತಿಳಿ ನೀಲಿ. ಪೀಸಿಗೆ ಇಷ್ಟು ಅಂತ ದುಡ್ಡು. ಮಗುವನ್ನು ಎತ್ತಿಕೊಂಡ ಪ್ರತಿ ಹತ್ತು ನಿಮಿಷಕ್ಕೂ ಪೀಸು ಕಡಿಮೆ. ಇವರ ಮನೆಗೆ ಹೆರಿಗೆ ರಜೆಯೂ ಬರಲ್ಲ, ಕಾಯ್ದೆಯೂ ಬರಲ್ಲ.

ಕಾಯ್ದೆಯ ಮಾತು ಬಂತಲ್ಲ, ಸ್ವಲ್ಪ ಹೇಳಿಬಿಡುತ್ತೇನೆ. ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳಿಗೆ ಒಂದು ಕೋಣೆ, ನೋಡಿಕೊಳ್ಳಲು ಜನ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು, 1976ರಲ್ಲಿ ಆ 50ನ್ನು 30ಕ್ಕೆ ಇಳಿಸಿದರು. ಹೆರಿಗೆ ರಜೆ ಕಾಯ್ದೆಯ 2017ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, 50 ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಅಂದಿತು. ಚೆನ್ನಾಗಿದೆ. ಆದರೆ ಎಣಿಕೆ ಶುರುವಾಗೋದು 50ರಿಂದ. ನಮ್ಮ ಹಳ್ಳಿ ಬ್ರಾಂಚ್‌ನಲ್ಲಿ ಜಾಡಮಾಲಿ ಸೇರಿ ಇದ್ದದ್ದು ಏಳು ಜನ. ಕೌಲ್ ಬಜಾರಿನ ಯೂನಿಟ್ಟಿನಲ್ಲಿ ಹದಿನೈದು ಮೆಷಿನ್ ಇದ್ದರೆ ದೊಡ್ಡದು. ನೌಕರಿ ದೊಡ್ಡ ಕಡೆ ಇರುವವರು ಕೇಳಿ, ಖಂಡಿತ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಬರೆದು ಕೊಡಿ.

ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೆ 2021ರಿಂದ 180 ದಿನ ಶಿಶುಪಾಲನಾ ರಜೆ ಇದೆ. ಕೇಂದ್ರದವರಿಗೆ 730 ದಿನ. ಟೀಚರ್‌ಗಳು ಎಷ್ಟೋ ಜನ ಇದನ್ನು ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಂತ ಉಳಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಪರೀಕ್ಷೆಗೆ ಬೇಡ, ಈ ಮೂವತ್ತು ತಿಂಗಳಲ್ಲೇ ಒಂದಷ್ಟು ಖರ್ಚು ಮಾಡಿ. ಹದಿನೈದು ವರ್ಷದ ಹುಡುಗಿ ಅನ್ನ ಹಾಕ್ಕೊಂಡು ತಿನ್ನುತ್ತಾಳೆ.

ಹಳ್ಳಿ ಕಡೆ ಒಂದು ಹೊಸ ದಾರಿ ತೆರೆದಿದೆ. 'ಕೂಸಿನ ಮನೆ'. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4000 ಗ್ರಾಮ ಪಂಚಾಯ್ತಿಗಳಲ್ಲಿ ಮಾಡುತ್ತೇವೆ ಅಂತ 2023-24ರ ರಾಜ್ಯ ಬಜೆಟ್‌ನಲ್ಲಿ ಹೇಳಿದರು. ಆ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನೋಡಿಕೊಳ್ಳಲು ಇಡೋದು. ಈ ಯೋಚನೆ ಹೊಸದೇನಲ್ಲ. 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಕಟ್ಟಡದ ಕೆಲಸ ನಡೆಯುತ್ತಿದ್ದಾಗ ಕೂಲಿಯವರ ಕೂಸುಗಳು ಧೂಳಿನಲ್ಲಿ ಬಿದ್ದಿದ್ದನ್ನು ನೋಡಿ ಮೀರಾ ಮಹಾದೇವನ್ ಅಲ್ಲೇ ಒಂದು ಟೆಂಟ್ ಹಾಕಿಸಿದರು. 'ಮೊಬೈಲ್ ಕ್ರೆಶಸ್' ಸಂಸ್ಥೆ ಶುರುವಾದದ್ದು ಅಲ್ಲಿಂದ. ಕೆಲಸ ಎಲ್ಲಿದೆಯೋ ತೊಟ್ಟಿಲೂ ಅಲ್ಲಿ. ನಮ್ಮ ಗುಳೆ ಹೋಗುವ ಜನಕ್ಕೆ ಬೇಕಾದದ್ದು ಅಂಥದ್ದೇ. ರಾಯಚೂರು, ಕೊಪ್ಪಳ ಕಡೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ನೋಡಿ. ಚೀಲ, ಪಾತ್ರೆ, ಮೂರು ವರ್ಷದ ಒಳಗಿನ ಮಕ್ಕಳು. ದೊಡ್ಡ ಮಕ್ಕಳು ಊರಲ್ಲಿ ಅಜ್ಜಿ ಹತ್ತಿರ.

ಎಲ್ಲ ದೊಡ್ಡ ಮಕ್ಕಳೂ ಅಜ್ಜಿ ಹತ್ತಿರ ಇರಲ್ಲ. ಆ ಹಳ್ಳಿ ಬ್ರಾಂಚ್‌ನಲ್ಲಿ ಒಂದು ದಿನ ಹತ್ತು ವರ್ಷದ ಹುಡುಗಿ ಬಂದಳು. ಸೊಂಟದ ಮೇಲೆ ತಮ್ಮ, ಹಿಂದೆ ತಾಯಿ. ಮೆಣಸಿನಕಾಯಿ ಬಿಡಿಸುವ ಕಾಲ, ಫೆಬ್ರವರಿ. ತಾಯಿಯ ಕೈ ಕೆಂಪಗೆ ಉರಿಯುತ್ತಿತ್ತು, ಆ ಕೈಯಲ್ಲಿ ಮಗುವನ್ನು ಮುಟ್ಟುವ ಹಾಗಿಲ್ಲ. ಹುಡುಗಿಯೇ ಚಲನ್ ಬರೆದಳು. ಸೊಂಟ ಒಂದು ಕಡೆ ವಾಲಿಸಿ, ತಮ್ಮ ಪೆನ್ನಿಗೆ ಕೈ ಹಾಕುತ್ತಿದ್ದರೂ ಬಿಡದೆ ಮುತ್ತಿನಂಥ ಅಕ್ಷರದಲ್ಲಿ ಬರೆದಳು. "ಇವತ್ತು ಶಾಲೆ ಇಲ್ವಾ ಪುಟ್ಟಿ?" ಅಂದೆ. "ಐತ್ರಿ. ಇವನ್ನ ಹಿಡ್ಯಾರು ಇಲ್ರಿ," ಅಂದಳು. ದೂರು ಹೇಳಿದ ಹಾಗೇನೂ ಇರಲಿಲ್ಲ. ಮೂವತ್ತು ತಿಂಗಳ ಲೆಕ್ಕ ಕೊನೆಗೆ ಎಲ್ಲೋ ಒಂದು ಕಡೆ ಟ್ಯಾಲಿ ಆಗಲೇಬೇಕಲ್ಲ, ಆ ಮನೆಯಲ್ಲಿ ಅದು ಅವಳ ನಾಲ್ಕನೇ ಕ್ಲಾಸಿನಿಂದ ಹೋಗುತ್ತಿತ್ತು.

ಬಾಕಿ ಮನೆಗಳಲ್ಲಿ ಅಜ್ಜಿಯ ಲೆಕ್ಕದಿಂದ ಹೋಗುತ್ತದೆ. ನನ್ನ ಅತ್ತೆ ಕೊಪ್ಪಳದ ಹತ್ತಿರದ ಹಳ್ಳಿಯವರು. ಮಗಳಿಗೆ ಒಂದೂವರೆ ವರ್ಷ ಆದಾಗ ಅಮ್ಮಮ್ಮನಿಗೆ ಮಂಡಿ ನೋವು ಜಾಸ್ತಿಯಾಯಿತು, ಅತ್ತೆಯನ್ನು ಕರೆಸಿದೆವು. ಕರೆಸಿದೆವು ಅಂದೆ ನೋಡಿ, ಕೇಳಿದೆವು ಅನ್ನಲಿಲ್ಲ. ಎರಡು ಎಮ್ಮೆ ಮಾರಿ ಬಂದರು. ಇಲ್ಲಿ ಮೂರನೇ ಮಹಡಿ. ಯಾರ ಗುರುತೂ ಇಲ್ಲ. ಹೊತ್ತು ಮುಳುಗೋವರೆಗೂ ಒಬ್ಬರೇ, ಜೊತೆಗೆ ಓಡುವ ಮಗು. ಜನವರಿಯಲ್ಲಿ ಗವಿಸಿದ್ದೇಶ್ವರ ಜಾತ್ರೆ ಬಂತು. ಮಾರ್ಚ್ ಹತ್ತಿರ ಬಂದಿದೆ, ಬ್ಯಾಂಕಿನಲ್ಲಿ ರಜೆ ಸಿಗಲ್ಲ ಅಂತ ನಾನು ಸುಮ್ನೆ ಇದ್ದೆ. ತೇರಿನ ದಿನ ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ, ಯಾರಿಗೂ ಹೇಳದ ಹಾಗೆ, "ಈಗ ತೇರು ಎಳೀತಿರ್ತಾರ," ಅಂದರು. ಅಷ್ಟೇ. ಆಮೇಲೆ ನಾವು ವಾರಕ್ಕೊಂದು ದಿನ ಅವರ ರಜೆ ಅಂತ ಮಾಡಿದೆವು. ಭಾನುವಾರ ಮಗು ಅವರ ಜವಾಬ್ದಾರಿ ಅಲ್ಲ. ತಿಂಗಳಿಗೆ ಇಷ್ಟು ಅಂತ ಅವರ ಖಾತೆಗೆ ದುಡ್ಡು. ಮೊದಲು ಬೈದರು, "ಮೊಮ್ಮಗಳನ್ನ ನೋಡಾಕ ಪಗಾರ ಏನು?" ಅಂತ. ಮೂರನೇ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಾ ಅಂತ ಅವರೇ ನೆನಪು ಮಾಡಿದರು.

ಅಮ್ಮಮ್ಮನ ಕಾಲದ್ದೊಂದು ನಗುವ ವಿಷಯ. ನಮ್ಮ ಮಗಳು ಮೊದಲು ಹಾಲು ಕೇಳಿದ್ದು 'ಪಾಲು' ಅಂತ. ತೆಲುಗು. ನನ್ನ ಅಮ್ಮ ಅದನ್ನು ಕೇಳಿ, ಕನ್ನಡದ ಮಗು ತೆಲುಗಾಯಿತು ಅಂತ ಒಂದು ದಿನ ಪೂರ್ತಿ ಮುಖ ಊದಿಸಿಕೊಂಡಿದ್ದರು. ಬಳ್ಳಾರಿಯಲ್ಲಿ ಬೆಳೆಯೋ ಮಗುವಿಗೆ ಎರಡು ಭಾಷೆ ಬಂದರೆ ನಷ್ಟ ಏನು? ಈಗ ಅವಳಿಗೆ ಏಳು ವರ್ಷ, ಜಗಳ ತೆಲುಗಿನಲ್ಲಿ ಆಡುತ್ತಾಳೆ, ಮುದ್ದು ಕನ್ನಡದಲ್ಲಿ ಮಾಡುತ್ತಾಳೆ.

ಹಾಲಿನ ಮಾತು ಬಂದದ್ದಕ್ಕೆ ಒಂದು ಕೆಲಸದ ವಿಷಯ ಹೇಳುತ್ತೇನೆ, ಸಣ್ಣ ಮಕ್ಕಳ ತಾಯಂದಿರು ಕೇಳಿಸಿಕೊಳ್ಳಿ. ಎದೆಹಾಲನ್ನು ಹಿಂಡಿ ಇಟ್ಟು ಹೋಗಬಹುದು. ಶುಚಿಯಾದ ಡಬ್ಬಿಯಲ್ಲಿ, ಹೊರಗೆ ನಾಲ್ಕು ತಾಸು, ಫ್ರಿಜ್ಜಿನಲ್ಲಿ ನಾಲ್ಕು ದಿನ ಅನ್ನುತ್ತಾರೆ. ಆದರೆ ಆ ನಾಲ್ಕು ತಾಸಿನ ಲೆಕ್ಕ 25 ಡಿಗ್ರಿ ಇರುವ ಕೋಣೆಗೆ. ನಮ್ಮ ಏಪ್ರಿಲ್‌ನಲ್ಲಿ 40 ದಾಟುತ್ತದೆ. ಇಲ್ಲಿ ಹೊರಗೆ ಇಡಲೇಬೇಡಿ. ಕುದಿಸಬೇಡಿ, ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಅಮ್ಮಮ್ಮ ಮೊದಲು ನಂಬಲೇ ಇಲ್ಲ. "ತಾಯಿ ಹಾಲು ಫ್ರಿಜ್ಜಿನಾಗಾ?" ಅಂತ ಡಬ್ಬಿಯನ್ನು ಮೊಸರಿನ ಪಾತ್ರೆ ಹಿಂದೆ ಬಚ್ಚಿಡುತ್ತಿದ್ದರು, ಯಾರಾದರೂ ನೋಡಿಬಿಟ್ಟಾರು ಅಂತ.

ಇನ್ನೊಂದು, ಬಿಟ್ಟು ಹೋಗುವಾಗಿನ ಅಳು. ಎಂಟನೇ ತಿಂಗಳ ಆಸುಪಾಸಿನಲ್ಲಿ ಮಗು ಇದ್ದಕ್ಕಿದ್ದ ಹಾಗೆ ಅಮ್ಮನಿಗೆ ಅಂಟಿಕೊಳ್ಳುತ್ತದೆ. ಹತ್ತರಿಂದ ಹದಿನೆಂಟು ತಿಂಗಳವರೆಗೆ ಜೋರು. ಅದು ಬೆಳವಣಿಗೆ. ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಅಂತ ಮಗುವಿಗೆ ಗೊತ್ತಾಗೋಕೆ ಶುರುವಾಗಿದೆ, ಆದರೆ ಯಾವಾಗ ಬರುತ್ತಾಳೆ ಅಂತ ಗೊತ್ತಿಲ್ಲ. ಅದಕ್ಕೇ ಅಳು. ನನಗೆ ಎಲ್ಲರೂ ಹೇಳಿದ್ದು, ಆಟಕ್ಕೆ ಹಚ್ಚಿ ಹಿತ್ತಲ ಬಾಗಿಲಿಂದ ಹೋಗಿಬಿಡು ಅಂತ. ಒಂದು ತಿಂಗಳು ಹಾಗೇ ಕಳ್ಳಿ ಥರ ಹೋದೆ. ಏನಾಯಿತು ಗೊತ್ತಾ? ಸಂಜೆ ಬಂದ ಮೇಲೆ ಸೆರಗು ಬಿಡುತ್ತಿರಲಿಲ್ಲ. ಬಚ್ಚಲಿಗೂ ಬಿಡುತ್ತಿರಲಿಲ್ಲ. ಯಾವ ಕ್ಷಣ ಮಾಯ ಆಗುತ್ತಾಳೋ ಅನ್ನೋ ಭಯ. ಆಮೇಲೆ ಬದಲಾಯಿಸಿದೆ. ಎದುರಿಗೆ ನಿಂತು, 'ಹೋಗ್ಬರ್ತೀನಿ, ಅಮ್ಮಮ್ಮ ದೀಪ ಹಚ್ಚಿದ ಮೇಲೆ ಬರ್ತೀನಿ' ಅಂತ ಹೇಳಿ ಹೊರಡುತ್ತಿದ್ದೆ. ನಾವು ಯಾರೂ ಮನೆಯಿಂದ 'ಹೋಗ್ತೀನಿ' ಅಂತ ಹೊರಡಲ್ಲ, 'ಹೋಗ್ಬರ್ತೀನಿ' ಅಂತೀವಿ, ಅಲ್ವಾ? ಆ ಮಾತಿನಲ್ಲೇ ವಾಪಸ್ ಬರೋದು ಇದೆ. ಎರಡು ವಾರ ಅತ್ತಳು. ಮೂರನೇ ವಾರದಿಂದ ಸಂಜೆ ದೀಪದ ಹತ್ತಿರ ಹೋಗಿ ಕೂರುತ್ತಿದ್ದಳಂತೆ. ಬಸ್ಸು ತಡವಾದ ದಿನ ಅಮ್ಮಮ್ಮ ದೀಪವನ್ನೇ ತಡವಾಗಿ ಹಚ್ಚುತ್ತಿದ್ದರು. ದೇವರು ಕಾಯ್ತಾನೆ, ಇವಳು ಕಾಯಲ್ಲ ಅನ್ನುತ್ತಿದ್ದರು.

ಮೊಬೈಲ್ ಬಗ್ಗೆ ಜಾಸ್ತಿ ಹೇಳಲ್ಲ, ನೀವೆಲ್ಲ ಕೇಳಿ ಕೇಳಿ ಸಾಕಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದ ಒಳಗೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮಗುವಿನ ಕೈಗೆ ಫೋನ್ ಕೊಟ್ಟ ತಾಯಿಯನ್ನು ಬೈಯೋದು ಸುಲಭ. ಅವಳ ಮೆಷಿನ್ನಿನ ಪಕ್ಕ ಎಷ್ಟು ಪ್ಯಾಂಟು ಬಾಕಿ ಇವೆ ಅಂತ ನೋಡಿ ಆಮೇಲೆ ಬೈಯಿರಿ.

2020ರ ಏಪ್ರಿಲ್. ಲಾಕ್‌ಡೌನ್. ಅಂಗನವಾಡಿ, ಶಾಲೆ ಎಲ್ಲ ಮುಚ್ಚಿದ್ದವು, ಬ್ಯಾಂಕ್ ತೆರೆದಿತ್ತು. ಹೆಂಗಸರ ಜನ್‌ಧನ್ ಖಾತೆಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಬಂತಲ್ಲ, ಅದನ್ನು ತೆಗೆಯೋಕೆ ಬಿಸಿಲಲ್ಲಿ ಸಾಲು. ಸುಣ್ಣದಲ್ಲಿ ಹಾಕಿದ ವೃತ್ತದೊಳಗೆ ಒಬ್ಬೊಬ್ಬರು, ಅರ್ಧಕ್ಕರ್ಧ ಜನರ ಸೊಂಟದ ಮೇಲೆ ಮಗು. ಮನೇಲಿ ಬಿಟ್ಟು ಬನ್ನಿ ಅಂತ ಮೈಕಿನಲ್ಲಿ ಕೂಗುತ್ತಿದ್ದರು. ಯಾರ ಹತ್ತಿರ ಅಂತ ಯಾರೂ ಹೇಳಲಿಲ್ಲ. ಗಾಜಿನ ಈಚೆ ನಾನು, ಮಾಸ್ಕ್ ಹಾಕಿಕೊಂಡು ಐನೂರರ ನೋಟು ಎಣಿಸುತ್ತಿದ್ದೆ. ಸಂಜೆ ಮನೆಗೆ ಹೋದರೆ ಸ್ನಾನ ಆಗೋವರೆಗೂ ಮಗಳನ್ನು ಮುಟ್ಟುವಂತಿರಲಿಲ್ಲ. ಅತ್ತೆ ಅವಳನ್ನು ಕೋಣೆಯಲ್ಲಿ ಹಾಕಿ ಚಿಲಕ ಹಾಕುತ್ತಿದ್ದರು, ಒಳಗಿಂದ ಬಾಗಿಲು ಬಡಿಯುತ್ತಿದ್ದಳು.

ಈಗ ಗಂಡಸರ ಕಡೆ ಬರೋಣ. ನಗಬೇಡಿ, ನೀವು ಬರೋವರೆಗೂ ಬಿಡಲ್ಲ. ಸರ್ಕಾರದವರು ಮನೆಮನೆಗೆ ಹೋಗಿ ಜನ ದಿನದ ಸಮಯ ಹೇಗೆ ಕಳೆಯುತ್ತಾರೆ ಅಂತ ಬರೆದುಕೊಳ್ಳುವ ಸಮೀಕ್ಷೆ ಒಂದಿದೆ. ಸಂಬಳ ಇಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು 2019ರಲ್ಲಿ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. 2024ರಲ್ಲಿ 289 ನಿಮಿಷ. ಹತ್ತು ನಿಮಿಷ ಕಡಿಮೆಯಾಯಿತು. ಸಂತೋಷ. ಆ ಹತ್ತು ನಿಮಿಷ ಗಂಡಸರು ಎತ್ತಿಕೊಂಡರಾ ಅಂತ ನೋಡಿದರೆ ಅವರದ್ದು 97ರಿಂದ 88ಕ್ಕೆ ಇಳಿದಿದೆ! ಮಿಕ್ಸಿ, ಗ್ಯಾಸು, ವಾಷಿಂಗ್ ಮೆಷಿನ್ ಇಬ್ಬರಿಗೂ ಸೇರಿ ರಜೆ ಕೊಟ್ಟ ಹಾಗಿದೆ.

ನನ್ನ ಯಜಮಾನರು ತೋರಣಗಲ್ಲು ಕಡೆ ಶಿಫ್ಟ್ ಕೆಲಸ. ರಾತ್ರಿ ಶಿಫ್ಟ್ ಮುಗಿಸಿ ಬೆಳಗ್ಗೆ ಬರುತ್ತಾರಲ್ಲ, ಹಗಲಿಡೀ ಮನೆಯಲ್ಲೇ ಇರುತ್ತಾರಲ್ಲ, ಮಗು ನೋಡಿಕೊಳ್ಳಲಿ ಅಂತ ನನ್ನ ಲೆಕ್ಕ. ಅಮ್ಮಮ್ಮ ಊರಿಗೆ ಹೋಗಿದ್ದ ಒಂದು ದಿನ ಹಾಗೇ ಬಿಟ್ಟು ಹೋದೆ. ಇವರಿಗೆ ಹತ್ತು ಗಂಟೆಗೆ ನಿದ್ದೆ ಹತ್ತಿತು. ಮಗಳು ಮೆಟ್ಟಿಲು ಇಳಿದು ರಸ್ತೆಗೆ ಹೋಗಿದ್ದಳು. ಎದುರು ಅಂಗಡಿಯವರು ಎತ್ತಿಕೊಂಡು ಬಂದು ಬಾಗಿಲು ಬಡಿದರು. ನಾನು ಆಡಬಾರದ ಮಾತೆಲ್ಲ ಆಡಿದೆ. ಈಗ ಯೋಚಿಸಿದರೆ ತಪ್ಪು ನನ್ನದೂ ಇತ್ತು. ರಾತ್ರಿಯೆಲ್ಲ ಕುಲುಮೆ ಹತ್ತಿರ ನಿಂತು ಬಂದವನನ್ನು 'ಮನೇಲಿ ಖಾಲಿ ಇದ್ದಾನೆ' ಅಂತ ಎಣಿಸಿದ್ದೆ.

ಆಮೇಲೆ ಹಳೇ ಕ್ಯಾಲೆಂಡರಿನ ಹಿಂಬದಿಗೆ ಗೀಟು ಹಾಕಿ ಶಿಫ್ಟ್ ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದೆವು. ಮಧ್ಯಾಹ್ನದ ಶಿಫ್ಟ್ ಇರುವ ವಾರ ಬೆಳಗ್ಗೆ ಎಂಟರಿಂದ ಹನ್ನೆರಡು ಅವರದ್ದು, ಪೂರ್ತಿ ಅವರದ್ದು. ಸ್ನಾನ, ಊಟ, ಮಲ ತೊಳೆಯೋದು, ಎಲ್ಲ. ಬೆಳಗಿನ ಶಿಫ್ಟ್ ವಾರ ಸಂಜೆ ಅವರದ್ದು. ರಾತ್ರಿ ಶಿಫ್ಟ್ ವಾರ ಅವರ ಹೆಸರೇ ಬರೆಯಲಿಲ್ಲ. ಇಷ್ಟು ಮಾಡಿದ ಮೇಲೆ ಗೊತ್ತಾಯಿತು, ಅಮ್ಮಮ್ಮನಿಗೆ ನಾವು ಹೇಳಿದ್ದ 'ಒಂಬತ್ತು ಗಂಟೆ' ನಿಜಕ್ಕೂ ಹನ್ನೊಂದೂವರೆ ಇತ್ತು ಅಂತ. ಬಸ್ಸಿನ ಹೊತ್ತು ನಾವು ಎಣಿಸಿಯೇ ಇರಲಿಲ್ಲ. ಅವತ್ತೇ ಅವರ ದುಡ್ಡು ಜಾಸ್ತಿ ಮಾಡಿದೆವು.

ಒಂದು ಮಾತು ಮಾತ್ರ ನಮ್ಮ ಮನೆಯಲ್ಲಿ ನಿಷೇಧ. 'ಹೆಲ್ಪ್.' ನಮ್ಮವರು ತುಂಬಾ ಹೆಲ್ಪ್ ಮಾಡ್ತಾರೆ ಅಂತೀವಲ್ಲ. ನಾನು ಬ್ಯಾಂಕಿಗೆ ಹೋಗಿ ಕ್ಯಾಶ್ ಎಣಿಸಿದರೆ ಮ್ಯಾನೇಜರಿಗೆ ಹೆಲ್ಪ್ ಮಾಡಿದೆ ಅಂತ ಯಾರಾದರೂ ಅನ್ನುತ್ತಾರಾ?

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ. ಮೊದಲು ಎದ್ದವರು ಒಬ್ಬ ಯುವಕ. "ನಾವು ದುಡಿಯೋದೂ ಮಕ್ಕಳಿಗೇ ಅಲ್ವಾ ಮೇಡಂ? ಹನ್ನೆರಡು ತಾಸು ಡ್ಯೂಟಿ ಮುಗಿಸಿ ಬಂದು ಎಷ್ಟು ಮಾಡಬೇಕು?" ಅಂತ ಕೇಳಿದರು. ಸರಿಯಾದ ಪ್ರಶ್ನೆ. ರಾಜ್ಯ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿ ಕೆಲಸದವರಿಗೆ ಕೊಡಲೇಬೇಕು ಅನ್ನುವ ಕಾಯ್ದೆಯೇ ಇಲ್ಲ. ನಿಮಗೂ ಅನ್ಯಾಯವೇ ಆಗಿದೆ ಅಂದೆ. ನಿಮ್ಮ ಹೆಂಡತಿ ಏನು ಕೆಲಸ ಅಂತ ಕೇಳಿದೆ. "ಏನಿಲ್ಲ, ಮನೇಲೇ ಗುಂಡಿ ಹಚ್ತಾಳೆ" ಅಂದರು. ಪಕ್ಕದ ಸಾಲಿನಿಂದ ಒಂದು ಹೆಣ್ಣು ದನಿ, "ಏನಿಲ್ಲಂತ!" ಅಂದಿತು. ಸಭೆ ಪೂರ್ತಿ ನಕ್ಕಿತು. ಯುವಕರೂ ನಕ್ಕರು.

ಕೊನೆಯ ಪ್ರಶ್ನೆ ಹೊಲಿಗೆಯ ತಾಯಿಯೊಬ್ಬರದು. "ಅಕ್ಕಾರೆ, ನಂದು ಮಗಾ ದೊಡ್ಡದಾಗೇತಿ, ಅಂಗನವಾಡಿಗೆ ಹೋಗ್ತದ. ನಾಲ್ಕಕ್ಕೆ ಬಿಡ್ತಾರ. ನನ್ನ ಯೂನಿಟ್ ಬಿಡೋದು ಆರಕ್ಕ. ಆ ಎರಡು ತಾಸು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಅಂತಲೇ ಹೇಳಿದೆ. ನಿಮ್ಮ ಥರ ಎಷ್ಟು ಜನ ಇದ್ದೀರಿ, ಕೈ ಎತ್ತಿ ಅಂದೆ. ಏಳು ಕೈ ಎದ್ದವು. ಎಲ್ಲರೂ ಒಂದೇ ಅಂಗನವಾಡಿಯವರು, ಒಬ್ಬರಿಗೊಬ್ಬರು ಗೊತ್ತು, ಇದನ್ನು ಮಾತ್ರ ಮಾತಾಡಿರಲಿಲ್ಲ. ಆಗ ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿ, ಎಲೆ ಅಡಿಕೆ ಬಾಯಿಂದ ತೆಗೆಯದೆ, "ನಮ್ಮ ಮನಿ ಅಂಗನವಾಡಿ ಎದುರಿಗೇ ಐತಿ. ನಾ ಕೂಡ್ಸಿಕೊಂತೀನಿ. ಒಂದು ಮಗಿಗೆ ದಿನಕ್ಕ ಮೂವತ್ತು ರೂಪಾಯಿ," ಅಂದರು.

"ಮೂವತ್ತಾ? ಎರಡು ತಾಸಿಗೆ? ಇಪ್ಪತ್ತು ತಗೋ ಅವ್ವ."

"ಚುರುಮುರಿ ಯಾರು ಹಾಕ್ತಾರ, ನೀವಾ ನಾನಾ?"

ಕುರ್ಚಿಗಳನ್ನು ಒಂದರ ಮೇಲೊಂದು ಇಡೋಕೆ ಶುರು ಮಾಡಿದರು. ಏಳು ಜನ ಅಜ್ಜಿಯ ಸುತ್ತ ಕೂತಿದ್ದರು. ಒಬ್ಬರು ಕರಪತ್ರದ ಹಿಂದೆ ಮಕ್ಕಳ ಹೆಸರು ಬರೆಯುತ್ತಿದ್ದರು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಚುರುಮುರಿ ಅವರೇ ತಂದರೆ ಇಪ್ಪತ್ತೈದು ಅನ್ನೋವರೆಗೆ ಬಂದಿತ್ತು. ಅಜ್ಜಿ ಇನ್ನೂ ಒಪ್ಪಿರಲಿಲ್ಲ.